ಕೇಳಿಸಿತೇ? ನಿಮ್ಮ ಗೋಡೆ ಕೂಗುತ್ತಿದೆ!

ನಿಮ್ಮ ಮನೆಯ ವೈಫೈ ರೂಟರನ್ನು ಒಮ್ಮೆ ತಿರುಗಿ ನೋಡಿ. ಟೀವಿಯ ಪಕ್ಕದಲ್ಲಿ, ಗೋಡೆಯ ಮೊಳೆಗೆ ನೇತುಬಿದ್ದು, ಧೂಳು ಮೆತ್ತಿಕೊಂಡು ಕೂತಿದೆ. ಪುಟ್ಟ ದೀಪ ಮಿಣುಕುತ್ತಿದೆ. ಸದ್ದಿಲ್ಲ, ಗದ್ದಲವಿಲ್ಲ.

ಮೋಸ ಹೋಗಬೇಡಿ! ಅದು ಕೂಗುತ್ತಿದೆ. ನೀವು ಊಟ ಮಾಡುವಾಗ ಕೂಗುತ್ತಿದೆ. ನಿದ್ದೆ ಹೋದಾಗಲೂ ಕೂಗುತ್ತಿದೆ. ಮನೆಗೆ ಬೀಗ ಹಾಕಿ ಊರಿಗೆ ಹೋದಾಗಲೂ, ಕೇಳುವವರು ಒಬ್ಬರೂ ಇಲ್ಲದಾಗಲೂ, ತನ್ನ ಹೆಸರನ್ನು ತಾನೇ ಹೇಳಿಕೊಂಡು ಕೂಗುತ್ತಲೇ ಇದೆ!

ದಿನಕ್ಕೆ ಎಷ್ಟು ಸಲ? ಊಹಿಸಿ ನೋಡೋಣ.

ನೂರು ಸಲ? ಇಲ್ಲ. ಸಾವಿರ? ಇಲ್ಲ. ಹತ್ತು ಸಾವಿರ? ಇನ್ನೂ ಮೇಲೆ ಹೋಗಿ. ಲಕ್ಷ? ಹೋಗಿ, ಹೋಗಿ!

8,43,750 ಸಲ!

ದಿನಕ್ಕೆ! ಒಂದೇ ಒಂದು ರೂಟರ್! ಈ ಕೂಗಿಗೆ ಬೀಕನ್ ಎಂದು ಹೆಸರು. ಬಹುತೇಕ ಎಲ್ಲ ರೂಟರ್‌ಗಳೂ ಕಾರ್ಖಾನೆಯಿಂದ ಬರುವಾಗಲೇ 102.4 ಮಿಲಿಸೆಕೆಂಡಿಗೆ ಒಂದು ಬೀಕನ್ ಎಂಬ ಲೆಕ್ಕ ಹೊತ್ತು ಬಂದಿರುತ್ತವೆ. ಸೆಕೆಂಡಿಗೆ ಹತ್ತಕ್ಕೆ ಒಂಚೂರು ಕಡಿಮೆ. ನೀವೇ ಭಾಗಿಸಿ ನೋಡಿ, ಉತ್ತರ ಚೂರೂ ಉಳಿಯದೆ ಬರುತ್ತದೆ!

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಕಿವಿಯಾರೆ ಅಲ್ಲ, ಕಣ್ಣಾರೆ ಕೇಳಿದೆ! ಒಂದು ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಲಿನಕ್ಸ್. ಸುತ್ತಲಿನ ಬೀಕನ್‌ಗಳನ್ನು ಹಿಡಿದು ತೋರಿಸುವ ಒಂದೇ ಸಾಲಿನ ಆದೇಶ. ಬೆಳಗ್ಗೆ ಏಳು ಗಂಟೆಗೆ ಅದನ್ನು ಎತ್ತಿಕೊಂಡು ನಮ್ಮ ಮನೆಯ ಟೆರೇಸಿಗೆ ಹೋದೆ.

ಬಟ್ಟೆ ಒಣಗಿಸುತ್ತಿದ್ದ ಅಮ್ಮ ಕೇಳಿದಳು: "ಏನೋ ಅದು, ಬೆಳ್ಳಂಬೆಳಗ್ಗೆ?"

"ಬೀದಿ ಕೂಗ್ತಿದೆ ಅಮ್ಮಾ, ಕೇಳಿಸ್ಕೋತಿದೀನಿ."

ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಬಿದ್ದವು. 27 ಜಾಲಗಳು! ಎರಡು ಪುಟ್ಟ ಅಡ್ಡರಸ್ತೆಗಳ ನಮ್ಮ ಬೀದಿಯಲ್ಲಿ 27 ರೂಟರ್‌ಗಳು ಒಂದೇ ಗಾಳಿಯಲ್ಲಿ ಕೂಗುತ್ತಿದ್ದವು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಗಳಿಗೆ ಲೈಸೆನ್ಸ್ ಬೇಡವೆಂದು ಸರ್ಕಾರ ಬಿಟ್ಟುಕೊಟ್ಟಿದ್ದು 2005ರ ಜನವರಿಯಲ್ಲಿ. ಅಷ್ಟರಿಂದೀಚೆಗೆ ಇಷ್ಟು ಸಂತೆ!

ಆದರೆ ನನ್ನ ಎದೆ ಧಸಕ್ಕೆಂದಿದ್ದು ಹೆಸರುಗಳನ್ನು ಕಂಡಲ್ಲ. ಪ್ರತಿ ಹೆಸರಿನ ಕೆಳಗೂ ಒಂದು ಸಂಖ್ಯೆಯಿತ್ತು. ಅದೇನು ಗೊತ್ತೇ?

ವಯಸ್ಸು!

ಹೌದು. ಪ್ರತಿ ಬೀಕನ್ನಿನ ಒಳಗೂ ಒಂದು ಗಡಿಯಾರವಿದೆ. ರೂಟರಿನ ರೇಡಿಯೋ ಚಾಲೂ ಆದ ಕ್ಷಣದಲ್ಲಿ ಸಾಮಾನ್ಯವಾಗಿ ಅದು ಸೊನ್ನೆಯಿಂದ ಶುರುವಾಗುತ್ತದೆ. ಆಮೇಲೆ ಎಣಿಸುತ್ತಾ ಹೋಗುತ್ತದೆ. ಸೆಕೆಂಡುಗಳನ್ನಲ್ಲ, ಮಿಲಿಸೆಕೆಂಡುಗಳನ್ನೂ ಅಲ್ಲ. ಮೈಕ್ರೋಸೆಕೆಂಡುಗಳನ್ನು! ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು!

ಇಷ್ಟು ವೇಗವಾಗಿ ಎಣಿಸಿದರೆ ಅಂಕಿಗಳೇ ಮುಗಿದುಹೋಗುವುದಿಲ್ಲವೇ? ಆ ಗಡಿಯಾರ 64 ಬಿಟ್‌ಗಳದ್ದು. ತುಂಬಿ ಮತ್ತೆ ಸೊನ್ನೆಗೆ ಬರಲು ಎಷ್ಟು ಕಾಲ ಬೇಕು? ಹತ್ತು ವರ್ಷ? ನೂರು ವರ್ಷ?

ಸುಮಾರು 5 ಲಕ್ಷ 84 ಸಾವಿರ ವರ್ಷ!

ಕೈಯಗಲದ ಪ್ಲಾಸ್ಟಿಕ್ ಡಬ್ಬಿಗೆ ಇಂಥ ಆಯುಷ್ಯದ ಗಡಿಯಾರ ಕೊಟ್ಟವರ ಧೈರ್ಯಕ್ಕೆ ಕೈ ಮುಗಿಯಬೇಕು ಅನ್ನಿಸಿತು.

ಈಗ ನನ್ನ ಟೆರೇಸಿಗೆ ಬನ್ನಿ. 27 ರೂಟರ್‌ಗಳ ವಯಸ್ಸು ನೋಡಿದೆ. 22 ರೂಟರ್‌ಗಳ ವಯಸ್ಸು ಒಂದೇ! ಒಂಬತ್ತು ಗಂಟೆ ಮೂವತ್ತೆಂಟು ನಿಮಿಷ. ಒಂದೆರಡು ನಿಮಿಷ ಆಚೀಚೆ, ಅಷ್ಟೇ. ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಮನೆಯವು, ಒಂದಕ್ಕೊಂದು ಪರಿಚಯವಿಲ್ಲದವು. ಅವಳಿ ಜವಳಿಗಳ ಹಾಗೆ ಒಟ್ಟಿಗೆ ಹುಟ್ಟಿವೆ! ಹೇಗೆ?

ಗೊತ್ತಾಯಿತೇ?

ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಒಂಬತ್ತೂಕಾಲು ದಾಟಿದ ಮೇಲೆ ಬಂತು. ಬಂದ ಕ್ಷಣದಲ್ಲಿ ಇಡೀ ಬೀದಿಯ ರೂಟರ್‌ಗಳು ಒಮ್ಮೆಗೇ ಕಣ್ಣು ಬಿಟ್ಟಿದ್ದವು! ಬೀದಿಯ ಕರೆಂಟಿನ ದಿನಚರಿ ಗಾಳಿಯಲ್ಲೇ ಬರೆದಿಟ್ಟಿತ್ತು.

ಇನ್ನು ನಾಲ್ಕು ರೂಟರ್‌ಗಳ ವಯಸ್ಸು ಕೆಲವು ದಿನ, ಕೆಲವು ವಾರ. ಯುಪಿಎಸ್ ಇರುವ ಮನೆಗಳು ಅವು.

ಉಳಿದದ್ದು ಒಂದು. ಅದರ ವಯಸ್ಸು 311 ದಿನ!

ನಾನು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನೋಡಿದೆ. 311! ನಮ್ಮ ಬೀದಿಯಲ್ಲಿ! ಹತ್ತು ತಿಂಗಳಿಗೂ ಮಿಕ್ಕಿ ಒಂದು ಕ್ಷಣವೂ ಕರೆಂಟ್ ತಪ್ಪದ ರೂಟರ್! ಹೆಸರು ನೋಡಿದರೆ ಕಂಪನಿಯೇ ಕೊಟ್ಟ ಅಕ್ಷರ, ಅಂಕಿಗಳ ಸರಮಾಲೆ. ಯಾರದು? ಎಲ್ಲಿದೆ? ನೀವೂ ಊಹಿಸುತ್ತಾ ಇರಿ. ಹುಡುಕಿದ ಕಥೆ ಆಮೇಲೆ ಹೇಳುತ್ತೇನೆ.

ಬೀಕನ್ನಿನಲ್ಲಿ ಇನ್ನೊಂದು ಗುಟ್ಟಿದೆ. ಹಲವು ರೂಟರ್‌ಗಳು ತಮ್ಮೊಡನೆ ಈ ಹೊತ್ತು ಎಷ್ಟು ಸಾಧನಗಳು ಸೇರಿಕೊಂಡಿವೆ ಎಂಬುದನ್ನೂ ಅದರಲ್ಲೇ ಕೂಗಿ ಹೇಳುತ್ತವೆ! ಪಾಸ್‌ವರ್ಡ್ ಬೇಡ, ಒಳಗೆ ಹೋಗುವುದೂ ಬೇಡ. "ನಮ್ಮ ಮನೆಯಲ್ಲಿ ಈಗ ಏಳು ಜನ" ಎಂದು ಬಾಗಿಲಲ್ಲಿ ನಿಂತು ಸಾರಿದ ಹಾಗೆ. ಗಾಳಿ ಎಷ್ಟು ಹೊತ್ತು ಗಿಜಿಗುಟ್ಟುತ್ತಿದೆ ಎಂಬುದನ್ನೂ 255ಕ್ಕೆ ಇಷ್ಟು ಎಂದು ಅಂಕ ಹಾಕಿ ಹೇಳುತ್ತವೆ. ಆ 311 ದಿನದ ಅಜ್ಜನ ಬೀಕನ್ನಿನಲ್ಲಿ ಏನಿತ್ತು ಗೊತ್ತೇ? ಸೇರಿಕೊಂಡ ಸಾಧನಗಳು: 1. ಒಂದೇ ಒಂದು!

ಇಷ್ಟೆಲ್ಲ ಸುದ್ದಿ ಎಷ್ಟು ಶಕ್ತಿಯಲ್ಲಿ ಬಂದು ತಲುಪುತ್ತದೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ನನ್ನನ್ನು ಒಂದು ರಾತ್ರಿ ನಿದ್ದೆಗೆಡಿಸಿದ ಲೆಕ್ಕ.

ವೈಫೈ ನಿಗಾ ಇಡುವವರು ದಿನವಿಡೀ ನೋಡುವ ಅಳತೆ ಡಿಬಿಎಂ. ರೂಟರಿನ ಮಗ್ಗುಲಲ್ಲಿ ನಿಂತರೆ ಮೈನಸ್ 30. ಹಿತ್ತಲಿಗೆ ಹೋದರೆ ಮೈನಸ್ 70. ಬೀದಿಯ ಕೊನೆಯಿಂದ ಮೈನಸ್ 90. ಮೂವತ್ತಕ್ಕೂ ತೊಂಬತ್ತಕ್ಕೂ ಏನು ಮಹಾ ವ್ಯತ್ಯಾಸ? ಮೂರು ಪಟ್ಟು ತಾನೇ?

ಅಲ್ಲ! ಈ ಅಳತೆಯಲ್ಲಿ ಹತ್ತು ಇಳಿದರೆ ಶಕ್ತಿ ಹತ್ತರಲ್ಲಿ ಒಂದಾಗುತ್ತದೆ. ಇನ್ನೊಂದು ಹತ್ತು ಇಳಿದರೆ ನೂರರಲ್ಲಿ ಒಂದು. ರೂಟರ್ 100 ಮಿಲಿವ್ಯಾಟ್‌ನಲ್ಲಿ ಕೂಗುತ್ತಿದೆ ಎಂದುಕೊಳ್ಳಿ. ಮೈನಸ್ 90ರಲ್ಲಿ ನಿಮ್ಮ ಫೋನಿಗೆ ತಲುಪುವುದು ಅದರ ಎಷ್ಟರಲ್ಲಿ ಒಂದು ಪಾಲು? ಸಾವಿರ? ಲಕ್ಷ? ಕೋಟಿ?

ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು!

ಸಮುದ್ರದಿಂದ ಬಂದ ಒಂದು ಹನಿಯ ಹಾಗೆ. ಆ ಹನಿಯಿಂದ ಫೋನು ಹೆಸರು ಓದುತ್ತದೆ, ಗಡಿಯಾರ ಓದುತ್ತದೆ! ಅಂಗಿಯ ಜೇಬಿನಲ್ಲಿ ಇಂಥ ಕಿವಿ ಇಟ್ಟುಕೊಂಡು ನಾವು ತಿರುಗುತ್ತಿದ್ದೇವೆ.

ಫೋನುಗಳದ್ದು ಇನ್ನೊಂದು ಸೋಜಿಗ. ಅವು ಎಚ್ಚರವಾಗಿರುವುದೇ ಅಪರೂಪ! ಬ್ಯಾಟರಿ ಉಳಿಸಲು ವೈಫೈ ರೇಡಿಯೋ ಆಫ್ ಮಾಡಿಕೊಂಡು ಮಲಗಿಬಿಡುತ್ತವೆ. ಆಗ ನಿಮಗೊಂದು ಸಂದೇಶ ಬಂದರೆ?

ಶಾಲೆಯ ಹಾಜರಿ ನೆನಪಿದೆಯೇ? ರೂಟರಿಗೆ ಸೇರಿಕೊಂಡ ಪ್ರತಿ ಸಾಧನಕ್ಕೂ ಒಂದು ರೋಲ್ ನಂಬರ್ ಸಿಗುತ್ತದೆ. 1ರಿಂದ 2007ರವರೆಗೆ. ನಿಯಮದ ಪ್ರಕಾರ ಅದಕ್ಕಿಂತ ಹೆಚ್ಚಿನ ಮಕ್ಕಳಿಗೆ ಈ ತರಗತಿಯಲ್ಲಿ ಜಾಗವಿಲ್ಲ. ಮಲಗಿದ ಫೋನಿಗೆ ಸಂದೇಶ ಬಂದರೆ ರೂಟರ್ ಅದನ್ನು ತನ್ನಲ್ಲೇ ಇಟ್ಟುಕೊಂಡು, ಮುಂದಿನ ಬೀಕನ್ನಿನಲ್ಲಿ ಆ ರೋಲ್ ನಂಬರಿಗೆ ಒಂದು ಗುರುತು ಹಾಕುತ್ತದೆ. ಫೋನು ಬೀಕನ್ ಬರುವ ಹೊತ್ತಿಗೆ ಸರಿಯಾಗಿ ಅರೆಗಣ್ಣು ತೆರೆದು ನೋಡುತ್ತದೆ. ನನಗೇನಾದರೂ ಇದೆಯೇ? ಇಲ್ಲ. ಮತ್ತೆ ನಿದ್ದೆ!

ಸರಿಯಾದ ಹೊತ್ತಿಗೆ ಏಳುವುದು ಹೇಗೆ? ಅದಕ್ಕೇ ಆ ಗಡಿಯಾರ! ಬೀಕನ್ನಿನ ಗಡಿಯಾರಕ್ಕೆ ತನ್ನ ಗಡಿಯಾರ ಹೊಂದಿಸಿಕೊಂಡೇ ಫೋನು ಮಲಗಿರುತ್ತದೆ.

ಈಗ ನಿಮಗೊಂದು ಪ್ರಯೋಗ. ಫೋನು ಕೈಗೆತ್ತಿಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ, ನೀವು ಸೇರಿರುವ ವೈಫೈ ಜಾಲದ ವಿವರದಲ್ಲಿ ಫೋನನ್ನು ಗುರುತಿಸುವ ಮ್ಯಾಕ್ ವಿಳಾಸ ಹುಡುಕಿ. ಎರಡೆರಡು ಅಕ್ಷರಗಳ ಆರು ಜೋಡಿ. ಕಂಡಿತೇ? ಎಡದಿಂದ ಎರಡನೆಯ ಅಕ್ಷರ ಮಾತ್ರ ನೋಡಿ.

ಅದು 2, 6, ಎ, ಇ, ಈ ನಾಲ್ಕರಲ್ಲಿ ಒಂದೇ?

ಹಾಗಿದ್ದರೆ ನಿಮ್ಮ ಫೋನು ವೇಷ ಹಾಕಿದೆ! ಅದು ನಿಜವಾದ ವಿಳಾಸವಲ್ಲ, ಈ ಜಾಲಕ್ಕೆಂದೇ ಹೊಲಿಸಿಕೊಂಡ ಮುಖವಾಡ.

ಮುಖವಾಡ ಯಾಕೆ ಬೇಕಾಯಿತು? ಅಂಚೆ ಲಕೋಟೆಯನ್ನು ನೆನೆಯಿರಿ. ಒಳಗಿನ ಕಾಗದ ಯಾರಿಗೂ ಕಾಣದು. ಹೊರಗಿನ ವಿಳಾಸ? ಅಂಚೆಯಣ್ಣನಿಗೂ ಕಾಣುತ್ತದೆ, ಅವನ ಹೆಗಲ ಮೇಲಿಂದ ಇಣುಕಿದವನಿಗೂ ಕಾಣುತ್ತದೆ. ವೈಫೈಯಲ್ಲೂ ಹಾಗೆಯೇ. ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿರಲಿ, ಅದು ಮುಚ್ಚುವುದು ಒಳಗಿನ ಕಾಗದವನ್ನು. ಯಾವ ಸಾಧನ ಯಾವ ಸಾಧನಕ್ಕೆ ಮಾತಾಡುತ್ತಿದೆ ಎಂಬ ವಿಳಾಸ ಗಾಳಿಯಲ್ಲಿ ಬಟಾಬಯಲು! ವಿಳಾಸದ ಮೊದಲ ಅರ್ಧ ತಯಾರಿಸಿದ ಕಂಪನಿ ಯಾವುದೆಂದೂ ಹೇಳಿಬಿಡುತ್ತದೆ. ಕಿಸ್ಮೆಟ್ ಎಂಬ ಮುಕ್ತ ತಂತ್ರಾಂಶ ಇದನ್ನೇ ಮಾಡುತ್ತದೆ. ತಾನು ಒಂದು ಮಾತೂ ಆಡದೆ ಬರೀ ಕಿವಿಗೊಟ್ಟು ಯಾವ ಆಕ್ಸೆಸ್ ಪಾಯಿಂಟಿಗೆ, ಅಂದರೆ ವೈಫೈ ಹೊಮ್ಮಿಸುವ ಡಬ್ಬಿಗೆ, ಯಾರು ಯಾರು ಸೇರಿದ್ದಾರೆ ಎಂಬ ನಕ್ಷೆ ಬಿಡಿಸುತ್ತದೆ.

ಹಳೆಯ ಫೋನುಗಳಂತೂ ಇನ್ನೂ ಮುಗ್ಧ. ತಾವು ಹಿಂದೆ ಸೇರಿದ್ದ ಜಾಲಗಳ ಹೆಸರನ್ನು ಹೋದಲ್ಲೆಲ್ಲ ಕೂಗುತ್ತಿದ್ದವು. "ಅತ್ತೆ ಮನೆಯ ವೈಫೈ, ಇದ್ದೀಯಾ? ಆ ಊರಿನ ಲಾಡ್ಜಿನ ವೈಫೈ, ಇದ್ದೀಯಾ?" ಬಸ್ ಸ್ಟ್ಯಾಂಡಿನ ಮಧ್ಯೆ ನಿಂತು! ನೀವು ಎಲ್ಲೆಲ್ಲಿ ಉಳಿದಿದ್ದಿರಿ ಎಂಬ ಪಟ್ಟಿಯನ್ನು ನಿಮ್ಮ ಜೇಬೇ ಸಾರುತ್ತಿತ್ತು. ಜಾಲ ಹುಡುಕುವಾಗ ಸುಳ್ಳು ವಿಳಾಸ ಕೊಡುವ ಪಾಠವನ್ನು ಆಪಲ್ 2014ರಲ್ಲಿ ಐಫೋನಿಗೆ ಕಲಿಸಿತು. ಸೇರಿದ ಮೇಲೂ ಮುಖವಾಡ ಕಳಚದಿರುವುದನ್ನು ಆಂಡ್ರಾಯ್ಡ್ 2019ರಲ್ಲಿ, ಐಫೋನ್ 2020ರಲ್ಲಿ ಕಲಿತವು.

ಲಕೋಟೆಯ ಹೊರಗಿನ ವಿಳಾಸವಷ್ಟೇ ಕಂಡರೆ ಏನು ತಾನೇ ತಿಳಿದೀತು ಅನ್ನುತ್ತೀರಾ? ಬನ್ನಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹ್ಯಾನೋವರ್ ಎಂಬ ಪುಟ್ಟ ಊರಿಗೆ. ಅಲ್ಲಿನ ಡಾರ್ಟ್‌ಮತ್ ಕಾಲೇಜಿಗೆ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ 1964ರಲ್ಲಿ ಕಣ್ಣು ಬಿಟ್ಟದ್ದು ಇದೇ ಅಂಗಳದಲ್ಲಿ!

ವರ್ಷ 2001. ವೈಫೈ ಎಂದರೆ ಇನ್ನೂ ಎಳೆಗೂಸು. ಅದಕ್ಕೆ ಸ್ವಲ್ಪ ಮೊದಲು ಸ್ಟ್ಯಾನ್‌ಫರ್ಡಿನ ಡಯೇನ್ ಟ್ಯಾಂಗ್ ಮತ್ತು ಮೇರಿ ಬೇಕರ್ ಒಂದು ಇಡೀ ಕಟ್ಟಡದ ವೈರ್‌ಲೆಸ್ ಜಾಲವನ್ನು ಹನ್ನೆರಡು ವಾರ ಗಮನಿಸಿ ವರದಿ ಬರೆದಿದ್ದರು. ಬಳಕೆದಾರರು ಎಷ್ಟು ಮಂದಿ? 74!

ಡಾರ್ಟ್‌ಮತ್ತಿನಲ್ಲಿ ಡೇವಿಡ್ ಕಾಟ್ಜ್ ಮತ್ತು ಕೋಬಿ ಎಸಿಯನ್ ಇಡೀ ಕ್ಯಾಂಪಸ್ಸಿಗೇ ಕಿವಿಗೊಟ್ಟರು. 161 ಕಟ್ಟಡ. 476 ಆಕ್ಸೆಸ್ ಪಾಯಿಂಟ್. ಸುಮಾರು ಎರಡು ಸಾವಿರ ಬಳಕೆದಾರರು. ಹನ್ನೊಂದು ವಾರ! ಯಾವುದೇ ಲ್ಯಾಪ್‌ಟಾಪ್ ಒಂದು ಆಕ್ಸೆಸ್ ಪಾಯಿಂಟಿಗೆ ಬಂದರೂ, ಬಿಟ್ಟರೂ, ಇನ್ನೊಂದಕ್ಕೆ ಜಿಗಿದರೂ ಒಂದು ಸಾಲಿನ ವರದಿ ಕೇಂದ್ರಕ್ಕೆ ಹೋಗುತ್ತಿತ್ತು. ಬಂದೆ, ಹೋದೆ, ಬಂದೆ, ಹೋದೆ. ಅಷ್ಟೇ!

ಆ ಸಾಲುಗಳಿಂದ, ಜೊತೆಗೆ ಡೇಟಾ ಟ್ರಾಫಿಕ್ಕಿನ ಲೆಕ್ಕದಿಂದ, ಒಂದು ಕಾಲೇಜಿನ ಬದುಕೇ ಎದ್ದು ಕಂಡಿತು. ಟ್ರಾಫಿಕ್ ಎಲ್ಲಿ ಹೆಚ್ಚು? ಗ್ರಂಥಾಲಯ? ತರಗತಿ? ಅಲ್ಲ, ಹಾಸ್ಟೆಲು! ಅದರಲ್ಲೂ ಹೊಸ ವಿದ್ಯಾರ್ಥಿಗಳ ಹಾಸ್ಟೆಲು!

ಸಂಶೋಧಕರನ್ನೇ ಬೆರಗುಗೊಳಿಸಿದ್ದು ಮತ್ತೊಂದು. ಕೆಲವು ಲ್ಯಾಪ್‌ಟಾಪ್‌ಗಳು ಒಂದು ಆಕ್ಸೆಸ್ ಪಾಯಿಂಟಿಗೆ ನೆಲೆ ನಿಲ್ಲಲಾಗದೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಜಿಗಿಯುತ್ತಲೇ ಇದ್ದವು!

ಎರಡು ವರ್ಷ ಕಳೆದು ಮತ್ತೆ ಎಣಿಸಿದರು. ಈ ಸಲ 550ಕ್ಕೂ ಹೆಚ್ಚು ಆಕ್ಸೆಸ್ ಪಾಯಿಂಟ್, 7000 ಬಳಕೆದಾರರು, ಹದಿನೇಳು ವಾರ. ತಂತಿಯ ಹಂಗಿಲ್ಲ, ಕೈಯಲ್ಲಿ ಲ್ಯಾಪ್‌ಟಾಪ್, ಇಡೀ ಕ್ಯಾಂಪಸ್ಸು ತೆರೆದಿದೆ. ಹುಡುಗರು ಹೂವಿಂದ ಹೂವಿಗೆ ದುಂಬಿಯ ಹಾಗೆ ಸುತ್ತುತ್ತಿರಬೇಕು, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ.

ಅರ್ಧದಷ್ಟು ಮಂದಿ ತಮ್ಮ ಮನೆಯ ಜಾಗದ ಆಸುಪಾಸಿನಲ್ಲೇ ಕಳೆದ ಸಮಯ ಎಷ್ಟು? ಊಹಿಸಿ. ಶೇ. 50? ಶೇ. 70?

ಶೇ. 98!

ತಂತಿ ಬಿಚ್ಚಿ ಬಿಟ್ಟರೂ ಯಾರೂ ಗೂಟ ಬಿಟ್ಟು ಕದಲಲಿಲ್ಲ!

ಅತ್ತಿತ್ತ ಜಿಗಿಯುವ ಆ ಲ್ಯಾಪ್‌ಟಾಪ್‌ಗಳು ಒಂದು ದೊಡ್ಡ ಪ್ರಶ್ನೆ ಎತ್ತುತ್ತವೆ. ಒಂದು ಆಫೀಸಿನಲ್ಲಿ ಮೂವತ್ತು ಆಕ್ಸೆಸ್ ಪಾಯಿಂಟ್‌ಗಳಿವೆ. ನಿಮ್ಮ ಫೋನು ಯಾವುದಕ್ಕೆ ಸೇರಬೇಕು ಎಂದು ನಿರ್ಧರಿಸುವವರು ಯಾರು? ಆ ಜಾಲದ ಯಜಮಾನ? ಲಕ್ಷಾಂತರ ರೂಪಾಯಿಯ ಕಂಟ್ರೋಲರ್?

ಅಲ್ಲವೇ ಅಲ್ಲ! ನಿಮ್ಮ ಫೋನು! ಅದರದ್ದೇ ಕೊನೆಯ ಮಾತು. ತಲೆಯ ಮೇಲೇ ಹೊಸ ಆಕ್ಸೆಸ್ ಪಾಯಿಂಟ್ ಇದ್ದರೂ, ಎರಡು ಮಹಡಿ ಕೆಳಗಿನ ಹಳೆಯದನ್ನೇ ಮೈನಸ್ 82ರಲ್ಲಿ ಅಪ್ಪಿಕೊಂಡು ಕೂರುವ ಫೋನುಗಳಿವೆ. ಜಾಲ ಏನು ಮಾಡಬಹುದು? "ಅಲ್ಲಿಗೆ ಹೋದರೆ ಒಳ್ಳೆಯದಪ್ಪಾ" ಎಂದು ಬುದ್ಧಿ ಹೇಳಬಹುದು. ಹಾಗೆ ಹೇಳುವುದಕ್ಕೆಂದೇ 2011ರಲ್ಲಿ ಒಂದು ಮಾನದಂಡ ಬಂತು! ಕೇಳುವುದು ಬಿಡುವುದು ಫೋನಿನ ಮರ್ಜಿ.

ಮನೆಯ ವೈಫೈ ಇದ್ದಕ್ಕಿದ್ದಂತೆ ತೆವಳಲು ಶುರುವಾದಾಗ ನೀವು ಯಾರನ್ನು ಬೈಯುತ್ತೀರಿ? ಇಂಟರ್‌ನೆಟ್ ಕಂಪನಿಯನ್ನು. ಸ್ವಲ್ಪ ತಾಳಿ! ಕಳ್ಳ ಹಿಂದಿನ ಕೋಣೆಯಲ್ಲಿರಬಹುದು.

ಮದುವೆ ಮನೆಯ ಪಂಕ್ತಿ ಊಟ ನೆನೆಯಿರಿ. ನೂರು ಎಲೆಯಲ್ಲಿ ತೊಂಬತ್ತೊಂಬತ್ತು ಖಾಲಿ. ಒಬ್ಬರು ಮಾತ್ರ ಮಜ್ಜಿಗೆ ಅನ್ನವನ್ನು ನಿಧಾನವಾಗಿ ಕಲಸುತ್ತಿದ್ದಾರೆ. ಮುಂದಿನ ಪಂಕ್ತಿ ಕೂರುವ ಹಾಗಿಲ್ಲ! ವೈಫೈಯಲ್ಲೂ ಒಂದು ಚಾನೆಲಿನಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಒಬ್ಬರೇ ಮಾತಾಡಬೇಕು. ಎಲ್ಲರಿಗೂ ಸರದಿ ಸಮ. ಆದರೆ ಸಮಯ?

1500 ಬೈಟ್‌ನ ಒಂದು ಪೊಟ್ಟಣವನ್ನು 54 ಮೆಗಾಬಿಟ್ ವೇಗದ ಸಾಧನ ಸುಮಾರು 0.22 ಮಿಲಿಸೆಕೆಂಡಿನಲ್ಲಿ ಕಳಿಸಿ ಮುಗಿಸುತ್ತದೆ. ಮೂರು ಗೋಡೆಯಾಚೆ 1 ಮೆಗಾಬಿಟ್‌ಗೆ ಇಳಿದ ಹಳೆಯ ಫೋನಿಗೆ ಅದೇ ಪೊಟ್ಟಣಕ್ಕೆ 12 ಮಿಲಿಸೆಕೆಂಡ್ ಬೇಕು! ಒಬ್ಬ ನಿಧಾನಿ 54 ಜನರ ಹೊತ್ತನ್ನು ತಿಂದು ಕೂತಿರುತ್ತಾನೆ. ಫ್ರಾನ್ಸಿನ ಗ್ರೆನೋಬಲ್‌ನ ನಾಲ್ವರು ಸಂಶೋಧಕರು 2003ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಒಬ್ಬ ನಿಧಾನವಾದರೆ ವೇಗದವರೆಲ್ಲರೂ ಅವನ ಮಟ್ಟಕ್ಕೆ ಇಳಿಯುತ್ತಾರೆ. ಇಂದಿನ ಒಳ್ಳೆಯ ಆಕ್ಸೆಸ್ ಪಾಯಿಂಟುಗಳು ಸರದಿಗೆ ಬದಲು ಸಮಯವನ್ನೇ ಸಮನಾಗಿ ಹಂಚಲು ಕಲಿತಿವೆ. ಆದರೂ ನಿಮ್ಮ ರೂಟರಿನ ಪುಟ ತೆರೆದು, ಸೇರಿಕೊಂಡ ಸಾಧನಗಳ ಪಟ್ಟಿಯಲ್ಲಿ ವೇಗದ ಅಂಕಣವನ್ನೊಮ್ಮೆ ನೋಡಿ. ಎಲೆ ಬಿಟ್ಟು ಏಳದ ಆ ಒಬ್ಬರು ಸಿಕ್ಕೇ ಸಿಗುತ್ತಾರೆ!

ಈಗ ಉಸಿರು ಬಿಗಿಹಿಡಿದುಕೊಳ್ಳಿ. ಲಂಡನ್ನಿನ ನೆಲದಡಿಗೆ ಇಳಿಯೋಣ.

ಅಲ್ಲಿನ ಅಂಡರ್‌ಗ್ರೌಂಡ್ ರೈಲಿನಲ್ಲಿ ನೀವು ಒಳಗೆ ಹೋಗುವಾಗ ಕಾರ್ಡು ತಾಗಿಸುತ್ತೀರಿ, ಹೊರಗೆ ಬರುವಾಗ ತಾಗಿಸುತ್ತೀರಿ. ನಡುವೆ? ಯಾವ ಮಾರ್ಗ ಹಿಡಿದಿರಿ, ಎಲ್ಲಿ ರೈಲು ಬದಲಿಸಿದಿರಿ, ಆ ಕಾರ್ಡಿಗೆ ಗೊತ್ತಿಲ್ಲ. ನೂರೈವತ್ತು ವರ್ಷ ದಾಟಿದ ರೈಲು ವ್ಯವಸ್ಥೆಗೆ ತನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದೇ ಪೂರ್ತಿ ತಿಳಿದಿರಲಿಲ್ಲ!

ಆದರೆ ನಿಲ್ದಾಣಗಳಲ್ಲಿ ವೈಫೈ ಇತ್ತಲ್ಲ? ಜೇಬಿನ ಫೋನುಗಳು ಆಕ್ಸೆಸ್ ಪಾಯಿಂಟಿನಿಂದ ಆಕ್ಸೆಸ್ ಪಾಯಿಂಟಿಗೆ ಹಾಜರಿ ಹಾಕುತ್ತಾ ಹೋಗುತ್ತವಲ್ಲ?

2016ರ ನವೆಂಬರ್ 21ರಿಂದ ಡಿಸೆಂಬರ್ 19ರವರೆಗೆ 54 ನಿಲ್ದಾಣಗಳಲ್ಲಿ ಪ್ರಯೋಗ ನಡೆಯಿತು. ಅದು ನಡೆದಿದ್ದು ಬರೀ ನಾಲ್ಕು ವಾರ. ಎಷ್ಟು ದಾಖಲೆ ಸಿಕ್ಕಿರಬಹುದು? ಲಕ್ಷ? ಕೋಟಿ?

50.9 ಕೋಟಿ!

56 ಲಕ್ಷ ಸಾಧನಗಳು. ಸುಮಾರು 4.2 ಕೋಟಿ ಪ್ರಯಾಣಗಳು. ಫೋನಿನ ನಿಜ ವಿಳಾಸಗಳನ್ನು ಗುರುತು ಸಿಗದ ಹಾಗೆ ಕಲಸಿ, ಬೇರೆ ಸಂಕೇತವಾಗಿ ಬದಲಿಸಿ ಎಣಿಸಿದರು. ನಿಲ್ದಾಣಗಳಲ್ಲಿ ಫಲಕ ಹಾಕಿದರು: ಬೇಡವಾದವರು ವೈಫೈ ಆಫ್ ಮಾಡಿಕೊಳ್ಳಿ ಎಂದು.

ಕಂಡದ್ದೇನು? ಕಿಂಗ್ಸ್ ಕ್ರಾಸ್‌ನಿಂದ ವಾಟರ್‌ಲೂಗೆ ಹೋಗಬೇಕು. ಎರಡೂ ಲಂಡನ್ನಿನ ಮಧ್ಯದಲ್ಲೇ ಇರುವ ನಿಲ್ದಾಣಗಳು. ನಕ್ಷೆಯಲ್ಲಿ ನೋಡಿದರೆ ಸರಾಗವಾದ ದಾರಿಗಳು ಕಣ್ಣಿಗೆ ಬೀಳುತ್ತವೆ. ಜನ ಎಷ್ಟು ದಾರಿಗಳಲ್ಲಿ ಹೋಗುತ್ತಿದ್ದರು ಅಂದುಕೊಂಡಿರಿ? ಎರಡು? ನಾಲ್ಕು? ಹೆಚ್ಚೆಂದರೆ ಐದು?

ಹದಿನೆಂಟು!

ಕಡಿಮೆಯೆಂದರೂ ಹದಿನೆಂಟು ಬೇರೆ ಬೇರೆ ದಾರಿ! ಸುಮಾರು ಶೇ. 40 ಮಂದಿ ಅತಿ ಜನಪ್ರಿಯವಾದ ಎರಡು ದಾರಿಗಳನ್ನು ಹಿಡಿಯಲೇ ಇಲ್ಲ. ಯಾವ ಟಿಕೆಟ್ಟೂ ಹೇಳಲಾಗದ್ದನ್ನು, ಯಾವ ಗೇಟೂ ಕಾಣಲಾಗದ್ದನ್ನು ಜೇಬಿನಲ್ಲಿ ಮಲಗಿದ್ದ ಫೋನುಗಳ "ಹಾಜರ್ ಸಾರ್" ಹೇಳಿತು! 2019ರ ಜುಲೈಯಲ್ಲಿ ಈ ಎಣಿಕೆ ಅಂಡರ್‌ಗ್ರೌಂಡಿನ ವೈಫೈ ಇರುವ ನಿಲ್ದಾಣಗಳಿಗೆಲ್ಲ ಹರಡಿತು.

ಅದೇ ಲಂಡನ್. ಆ ನಾಲ್ಕು ವಾರದ ಪ್ರಯೋಗಕ್ಕೆ ಮೂರು ವರ್ಷ ಮೊದಲು, 2013ರಲ್ಲಿ, ಬೇರೊಂದು ವಸ್ತು ಜನರ ಫೋನುಗಳನ್ನು ಎಣಿಸುತ್ತಿತ್ತು. ಏನದು? ಇದನ್ನು ನೀವು ಖಂಡಿತ ಊಹಿಸಲಾರಿರಿ.

ಕಸದ ತೊಟ್ಟಿ!

ಜಾಹೀರಾತಿನ ಪರದೆ ಹೊತ್ತು ಬೀದಿಯಲ್ಲಿ ನಿಂತಿದ್ದ ಕಸದ ತೊಟ್ಟಿಗಳು, ದಾರಿಹೋಕರ ಫೋನಿನ ವಿಳಾಸಗಳನ್ನು ಹಿಡಿದು ಬರೆದಿಟ್ಟುಕೊಳ್ಳುತ್ತಿದ್ದವು. ಯಾರನ್ನೂ ಕೇಳಿರಲಿಲ್ಲ. ಸುದ್ದಿ ಹೊರಬಿದ್ದಾಗ ನಗರಾಡಳಿತ ಆಗಸ್ಟಿನಲ್ಲಿ ನಿಲ್ಲಿಸಿ ಎಂದು ಹೇಳಿತು. ಸರಿಯಾಗಿಯೇ ಹೇಳಿತು! ಕಾಣುವಂತೆ ಫಲಕ ಹಾಕಿ ಎಣಿಸುವುದಕ್ಕೂ, ಕಸದ ತೊಟ್ಟಿಯಲ್ಲಿ ಅಡಗಿ ಎಣಿಸುವುದಕ್ಕೂ ಅಜಗಜಾಂತರವಿದೆ. ಮುಖವಾಡ ಹಾಕಲು ಕಲಿತ ನಿಮ್ಮ ಫೋನಿನ ಮೇಲೆ ಈಗ ಇನ್ನಷ್ಟು ಪ್ರೀತಿ ಬಂತೇ? ನನಗಂತೂ ಬಂತು.

ಇನ್ನು ಆ 311 ದಿನದ ರೂಟರ್.

ಊಹಿಸಿದಿರಾ? ನಾನು ಆಸ್ಪತ್ರೆ ಅಂದುಕೊಂಡೆ, ನಮ್ಮ ಬೀದಿಯಲ್ಲಿ ಆಸ್ಪತ್ರೆಯಿಲ್ಲ. ಎಟಿಎಂ ಅಂದುಕೊಂಡೆ, ಅದೂ ಇಲ್ಲ. ತಡೆಯಲಾಗಲಿಲ್ಲ. ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು ಬೀದಿಗಿಳಿದೆ!

ಟೆರೇಸಿನಲ್ಲಿ ಮೈನಸ್ 88 ಇತ್ತು. ಎಡಕ್ಕೆ ನಡೆದೆ, 91. ಕೈತಪ್ಪುತ್ತಿದೆ! ತಿರುಗಿ ಬಲಕ್ಕೆ ನಡೆದೆ, 84. ಹಾಲಿನ ಬೂತಿನ ಎದುರು 77. ಇಸ್ತ್ರಿ ಗಾಡಿಯ ಹತ್ತಿರ 69. ಹೆಜ್ಜೆ ತಾನಾಗಿಯೇ ಬಿರುಸಾಯಿತು. 58! ನಾಯಿಯೊಂದು ಬೊಗಳುತ್ತಾ ಹಿಂದೆ ಬಂತು. 46! ತಿರುವಿನಲ್ಲಿ ಅರ್ಧ ಎತ್ತಿದ ಶಟರಿನ ಎದುರು ನಿಂತೆ. ಮೈನಸ್ 33!

ತಲೆಯೆತ್ತಿ ಬೋರ್ಡ್ ನೋಡಿದೆ.

"ಇನ್ವರ್ಟರ್ ಮತ್ತು ಬ್ಯಾಟರಿ: ಮಾರಾಟ, ರಿಪೇರಿ."

ಒಳಗೆ ಗೋಡೆಯುದ್ದಕ್ಕೂ ಬ್ಯಾಟರಿಗಳು. ಒಂದರ ಮೇಲೊಂದು, ಆಳೆತ್ತರ! ಅವುಗಳ ನಡುವಿನ ಸಂದಿಯಲ್ಲಿ, ಜೇಡರ ಬಲೆಯ ಹಿಂದೆ, ಒಂದು ಹಸಿರು ದೀಪ ಮಿಣುಕುತ್ತಿತ್ತು.

"ಏನ್ ಬೇಕಿತ್ತು ಸಾರ್?" ಅಂಗಡಿಯ ಯಜಮಾನರು ಗಂಧದಕಡ್ಡಿ ಹಚ್ಚುತ್ತಾ ಕೇಳಿದರು.

"ಏನಿಲ್ಲ ಸಾರ್. ನಿಮ್ಮ ವೈಫೈ ಆಫ್ ಮಾಡಿ ಎಷ್ಟು ದಿನ ಆಯ್ತು?"

"ಅದನ್ನ ಯಾಕ್ ಸಾರ್ ಆಫ್ ಮಾಡ್ಲಿ? ಹೋದ್ ವರ್ಷ ಹಾಕ್ಸಿದ್ದು, ಅವತ್ತಿಂದ ಹಾಗೇ ಇದೆ."

26 ಕೋಟಿಗೂ ಹೆಚ್ಚು ಸಲ ಕೂಗಿತ್ತು ಅದು, ಆ ಸಂದಿಯಲ್ಲಿ ಕೂತು! ನಾನು ಪರದೆ ತಿರುಗಿಸಿ ಅವರಿಗೆ ತೋರಿಸಿದೆ. 311 ದಿನ. ಅದರ ಕೆಳಗಿನ ಸಾಲು: ಸೇರಿಕೊಂಡ ಸಾಧನಗಳು 1.

ಅವರು ಕನ್ನಡಕ ಏರಿಸಿಕೊಂಡು ಆ ಒಂದನ್ನು ನೋಡಿದರು. ಆಮೇಲೆ ಕೈ ಮೆಲ್ಲಗೆ ಅಂಗಿಯ ಜೇಬಿಗೆ ಹೋಯಿತು.